ಗಿರಾಕಿಯ ಮೂಗು, ನಮ್ಮ ಒಗ್ಗರಣೆ: ಪರಿಮಳದ ನೆನಪು ಮಿದುಳಿನಲ್ಲಿ ಉಳಿಯುವ ಬಗೆ

ಹೋಟೆಲ್ ಉದ್ಯಮದಲ್ಲಿರುವ ನಾವೆಲ್ಲರೂ ಒಂದಲ್ಲ ಒಂದು ದಿನ ಕೇಳಿದ ಮಾತೊಂದಿದೆ. ಇಪ್ಪತ್ತು ಮೂವತ್ತು ವರ್ಷಗಳಿಂದ ಬರುತ್ತಿರುವ ಗಿರಾಕಿ ಬಿಲ್ಲು ಕೊಡುವಾಗ ಗಲ್ಲಾದ ಮುಂದೆ ನಿಂತು, "ಶೆಟ್ರೇ, ಸಾಂಬಾರು ಮೊದಲಿನ ಹಾಗಿಲ್ಲ" ಎನ್ನುತ್ತಾರೆ. ಏನು ಕಡಿಮೆಯಾಗಿದೆ ಎಂದು ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ. ಉಪ್ಪು ಸರಿ, ಹುಳಿ ಸರಿ, ಖಾರವೂ ಸರಿ. ಆದರೂ "ಏನೋ ಬೇರೆ" ಎಂದು ಹೇಳಿ ಹೊರಟುಹೋಗುತ್ತಾರೆ. ವಯಸ್ಸಾದವರು, ಹಳೆಯದೆಲ್ಲ ಚೆನ್ನ ಎನ್ನುವ ಸ್ವಭಾವ ಎಂದು ಅದನ್ನು ಅಲ್ಲಿಗೇ ಬಿಡುವುದು ಸುಲಭ.

ಆದರೆ ಮೂಗು ಮತ್ತು ಮಿದುಳಿನ ಬಗ್ಗೆ ಕಳೆದ ನಾಲ್ಕೈದು ದಶಕಗಳಲ್ಲಿ ನಡೆದ ಸಂಶೋಧನೆಯನ್ನು ನೋಡಿದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮನುಷ್ಯನ ನೆನಪುಗಳಲ್ಲಿ ಬಹಳ ಕಾಲ ಬಾಳುವುದು ಪರಿಮಳದ ನೆನಪು. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಗಳಲ್ಲಿ ಹೋಟೆಲ್ ಕಟ್ಟಿದ ನಮ್ಮವರ ಬಂಡವಾಳದಲ್ಲಿ ಈ ನೆನಪಿನ ಪಾಲು ದೊಡ್ಡದು. ಅದು ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದಿಲ್ಲ, ಆದರೆ ಕಳೆದುಕೊಂಡರೆ ಮತ್ತೆ ಗಳಿಸುವುದು ಕಷ್ಟ. ಆದುದರಿಂದ ಪರಿಮಳ ಎಂದರೇನು, ಅದು ಮಿದುಳಿನಲ್ಲಿ ಹೇಗೆ ನಿಲ್ಲುತ್ತದೆ, ಅದರಿಂದ ನಮ್ಮ ಉದ್ಯಮ ಕಲಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ವಿವರಿಸಲು ಪ್ರಯತ್ನಿಸಿದ್ದೇವೆ.

ಪರಿಮಳ ಮೂಗಿಗೆ ತಲುಪುವ ಬಗೆ

ಯಾವುದೇ ವಸ್ತುವಿನ ವಾಸನೆ ನಮಗೆ ಬರಬೇಕಾದರೆ ಅದರ ಅತಿ ಸಣ್ಣ ಕಣಗಳು ಗಾಳಿಯಲ್ಲಿ ಹಾರಿ ಮೂಗಿನೊಳಗೆ ಬರಬೇಕು. ಉಪ್ಪು, ಸಕ್ಕರೆ ಹೀಗೆ ಹಾರುವುದಿಲ್ಲ, ಆದ್ದರಿಂದ ಅವುಗಳಿಗೆ ವಾಸನೆ ಇಲ್ಲ. ಇಂಗು, ಕರಿಬೇವು, ಕಾಫಿ ಪುಡಿ, ತುಪ್ಪ ಇವುಗಳಲ್ಲಿ ಹಾರುವ ಕಣಗಳು ಧಾರಾಳ. ಬಿಸಿ ತಾಗಿದರೆ ಅವು ಇನ್ನೂ ವೇಗವಾಗಿ ಹಾರುತ್ತವೆ. ಒಗ್ಗರಣೆ ಸಿಡಿದ ಕೂಡಲೇ ಫುಟ್‌ಪಾತ್‌ನಲ್ಲಿ ನಡೆಯುವವನೂ ತಿರುಗಿ ನೋಡುವುದು ಇದೇ ಕಾರಣಕ್ಕೆ. ಕೊತ್ತಂಬರಿ ಹುರಿಯುವಾಗ, ದೋಸೆ ಕಾವಲಿಯ ಮೇಲೆ ಕೆಂಪಗಾಗುವಾಗ ಹೊಸ ಪರಿಮಳಗಳೇ ಹುಟ್ಟುತ್ತವೆ. ಬಿಸಿಯಲ್ಲಿ ಸಕ್ಕರೆಯ ಅಂಶ ಮತ್ತು ಪ್ರೋಟೀನಿನ ಅಂಶ ಕೂಡಿ ಆಗುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್. ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ಮೂಗಿನ ಮೇಲ್ಭಾಗದಲ್ಲಿ, ಕಣ್ಣುಗಳ ನಡುವಿನ ಎತ್ತರದಲ್ಲಿ, ಪುಟ್ಟ ಅಂಚೆ ಚೀಟಿಯಷ್ಟು ಜಾಗದಲ್ಲಿ ವಾಸನೆ ಹಿಡಿಯುವ ಲಕ್ಷಾಂತರ ನರಕೋಶಗಳಿವೆ. ಪ್ರತಿಯೊಂದು ಕೋಶದ ಮೇಲೆ ಒಂದೇ ಬಗೆಯ ಗ್ರಾಹಕ ಇರುತ್ತದೆ. ಮನುಷ್ಯನಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆ. ಇವುಗಳ ಜೀನ್‌ಗಳನ್ನು 1991ರಲ್ಲಿ ಕಂಡುಹಿಡಿದವರು ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್. ಇದಕ್ಕಾಗಿ ಅವರಿಗೆ 2004ರಲ್ಲಿ ವೈದ್ಯಕೀಯ ಶಾಸ್ತ್ರದ ನೊಬೆಲ್ ಬಹುಮಾನ ಬಂತು.

ನಾನೂರೇ ಬಗೆ ಗ್ರಾಹಕಗಳಿಂದ ಅಷ್ಟೊಂದು ವಾಸನೆಗಳನ್ನು ಗುರುತಿಸುವುದು ಹೇಗೆ? ನಮ್ಮ ವರ್ಣಮಾಲೆಯಂತೆ ಎಂದು ತಿಳಿಯಬಹುದು. ಅಕ್ಷರಗಳು ಐವತ್ತರ ಆಸುಪಾಸು, ಆದರೆ ಅವುಗಳನ್ನು ಜೋಡಿಸಿ ಬರೆಯಬಹುದಾದ ಪದಗಳಿಗೆ ಲೆಕ್ಕವಿಲ್ಲ. ಒಂದು ಪರಿಮಳ ಹಲವು ಗ್ರಾಹಕಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಯಾವ ಯಾವ ಗ್ರಾಹಕ ಎದ್ದಿತು, ಎಷ್ಟು ಎದ್ದಿತು ಎಂಬ ಆ ಜೋಡಣೆಯೇ ಆ ಪರಿಮಳದ ಗುರುತು. ಕಾಫಿಯ ಪರಿಮಳದಲ್ಲಿ ನೂರಾರು ಬಗೆಯ ಕಣಗಳಿವೆ. ಆದರೆ ನಮಗೆ ಅವು ಬೇರೆ ಬೇರೆಯಾಗಿ ಬಾರದೆ "ಕಾಫಿ" ಎಂದು ಒಂದೇ ಆಗಿ ಬರುತ್ತವೆ. ಹೀಗೆ ಒಟ್ಟು ಮಾಡಿ ಕೊಡುವುದು ಮಿದುಳಿನ ಕೆಲಸ.

ಮಿದುಳಿಗೆ ಹತ್ತಿರದ ದಾರಿ

ಮೂಗಿನ ನರಕೋಶಗಳ ತಂತುಗಳು ತಲೆಬುರುಡೆಯ ಸಣ್ಣ ತೂತುಗಳ ಮೂಲಕ ಹಾದು ಮಿದುಳಿನ ಅಡಿಯಲ್ಲಿರುವ ಘ್ರಾಣ ಗೆಡ್ಡೆಯನ್ನು ಸೇರುತ್ತವೆ. ಒಂದೇ ಬಗೆಯ ಗ್ರಾಹಕವಿರುವ ಕೋಶಗಳ ತಂತುಗಳೆಲ್ಲ ಅಲ್ಲಿ ಒಂದೇ ಜಾಗಕ್ಕೆ ಬಂದು ಕೂಡುತ್ತವೆ.

ಇಲ್ಲಿಂದ ಮುಂದೆ ಘ್ರಾಣೇಂದ್ರಿಯ ಇತರ ಇಂದ್ರಿಯಗಳಿಗಿಂತ ಬೇರೆಯಾಗುತ್ತದೆ. ಕಣ್ಣು, ಕಿವಿ, ಚರ್ಮದಿಂದ ಬರುವ ಸುದ್ದಿಯೆಲ್ಲ ಮೊದಲು ಮಿದುಳಿನ ನಡುವೆ ಇರುವ ಥಲಾಮಸ್ ಎಂಬ ಕಚೇರಿಯಲ್ಲಿ ವಿಂಗಡಣೆಯಾಗಿ ಆಮೇಲೆ ಮುಂದೆ ಹೋಗುತ್ತದೆ. ವಾಸನೆ ಆ ಕಚೇರಿಗೆ ಕಾಯುವುದಿಲ್ಲ. ಘ್ರಾಣ ಗೆಡ್ಡೆಯಿಂದ ಅದು ನೇರವಾಗಿ ಮೂರು ಕಡೆಗೆ ಹೋಗುತ್ತದೆ: ವಾಸನೆಯನ್ನು ಒಟ್ಟು ಮಾಡಿ ಗುರುತಿಸುವ ಘ್ರಾಣ ವಲ್ಕಕ್ಕೆ, ಭಯ, ಸಂತೋಷ, ಜಿಗುಪ್ಸೆಯಂಥ ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾಕ್ಕೆ, ಮತ್ತು ನೆನಪುಗಳನ್ನು ಕಟ್ಟುವ ಹಿಪ್ಪೋಕ್ಯಾಂಪಸ್‌ನ ಹೆಬ್ಬಾಗಿಲಿಗೆ. ಅಂದರೆ ವಾಸನೆ ಬಂದ ಕೆಲವೇ ಹೆಜ್ಜೆಗಳಲ್ಲಿ ಭಾವನೆ ಮತ್ತು ನೆನಪಿನ ಮನೆಗಳನ್ನು ತಲುಪಿರುತ್ತದೆ. ಇದು ಏನು ಎಂದು ಹೆಸರಿಡುವ ಮೊದಲೇ ನಮಗೆ ಹಿತವೋ ಅಹಿತವೋ ಅನ್ನಿಸಿರುತ್ತದೆ.

ಗಿರಾಕಿಗೆ "ಏನೋ ಬೇರೆ" ಎಂದು ಖಚಿತವಾಗಿ ಗೊತ್ತಾಗಿ, ಏನೆಂದು ಹೇಳಲು ಬಾರದಿರುವುದರ ಕಾರಣವೂ ಇಲ್ಲಿದೆ. ವಾಸನೆಯನ್ನು ಗುರುತು ಹಿಡಿಯುವುದು ಬೇರೆ, ಅದಕ್ಕೆ ಹೆಸರು ಹೇಳುವುದು ಬೇರೆ. ಮಾತಿನೊಂದಿಗೆ ವಾಸನೆಗಿರುವ ಸಂಬಂಧ ಬಹಳ ಸಡಿಲ. ದಿನವೂ ಬಳಸುವ ಜೀರಿಗೆ, ಓಮ, ಲವಂಗಗಳನ್ನು ಕಣ್ಣು ಮುಚ್ಚಿ ಮೂಸಿಸಿದರೆ ಅನುಭವಸ್ಥರೂ ಒಮ್ಮೊಮ್ಮೆ ಹೆಸರಿಗೆ ತಡವರಿಸುತ್ತಾರೆ. ಆದರೆ "ಇದು ನನಗೆ ಗೊತ್ತು" ಎಂಬುದರಲ್ಲಿ ಅವರಿಗೆ ಅನುಮಾನ ಇರುವುದಿಲ್ಲ.

ನೆನಪು ಗಟ್ಟಿಯಾಗುವುದು

ಒಂದು ಪರಿಮಳ ಬಂದಾಗ ಘ್ರಾಣ ವಲ್ಕದಲ್ಲಿ ನರಕೋಶಗಳ ಒಂದು ಗುಂಪು ಎಚ್ಚರಗೊಳ್ಳುತ್ತದೆ. ಅದೇ ಹೊತ್ತಿಗೆ ಜಾಗ, ಜೊತೆಗಿದ್ದವರು, ಹಸಿವು, ಸಂತೋಷ ಇವಕ್ಕೆ ಸಂಬಂಧಿಸಿದ ಕೋಶಗಳೂ ಎಚ್ಚರವಾಗಿರುತ್ತವೆ. ಒಟ್ಟಿಗೆ ಎಚ್ಚರಗೊಂಡ ಕೋಶಗಳ ನಡುವಿನ ಬೆಸುಗೆ ಬಲವಾಗುತ್ತದೆ. ಮುಂದೆ ಆ ಪರಿಮಳ ಮಾತ್ರ ಬಂದರೂ ಸಾಕು, ಇಡೀ ಸರಪಳಿ ಎಳೆದುಕೊಂಡು ಬರುತ್ತದೆ. ಚಹಾದಲ್ಲಿ ಅದ್ದಿದ ಕೇಕಿನ ಚೂರು ಬಾಲ್ಯವನ್ನು ತಂದುಕೊಡುವ ಪ್ರಸಂಗವನ್ನು ಫ್ರೆಂಚ್ ಲೇಖಕ ಮಾರ್ಸೆಲ್ ಪ್ರೂಸ್ಟ್ 1913ರಲ್ಲಿ ಪ್ರಕಟವಾದ ತನ್ನ ಕಾದಂಬರಿಯಲ್ಲಿ ಬರೆದ. ಆದ್ದರಿಂದ ವಿಜ್ಞಾನಿಗಳು ಇದನ್ನು ಪ್ರೂಸ್ಟ್ ಪರಿಣಾಮ ಎಂದೇ ಕರೆಯುತ್ತಾರೆ.

ಈ ಬೆಸುಗೆ ಗಟ್ಟಿಯಾಗುವ ಕೆಲಸದಲ್ಲಿ ನಿದ್ರೆಗೂ ಪಾಲಿದೆ. ಜರ್ಮನಿಯ ಲ್ಯೂಬೆಕ್ ವಿಶ್ವವಿದ್ಯಾಲಯದಲ್ಲಿ ಯಾನ್ ಬಾರ್ನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಸ್ವಾರಸ್ಯಕರವಾಗಿದೆ. ಸಂಜೆ ಗುಲಾಬಿಯ ಪರಿಮಳದ ನಡುವೆ ಜನರಿಗೆ ಜೋಡಿ ಕಾರ್ಡುಗಳ ಜಾಗ ನೆನಪಿಡುವ ಆಟ ಕಲಿಸಿದರು. ರಾತ್ರಿ ಗಾಢ ನಿದ್ರೆಯಲ್ಲಿದ್ದಾಗ ಅವರಿಗೆ ಅರಿವಾಗದಂತೆ ಅದೇ ಪರಿಮಳ ಹಾಯಿಸಿದರು. ಬೆಳಿಗ್ಗೆ ಅವರು ಶೇ. 97ರಷ್ಟು ನೆನಪಿಟ್ಟುಕೊಂಡಿದ್ದರು. ಪರಿಮಳವಿಲ್ಲದೆ ಮಲಗಿದ ರಾತ್ರಿಯ ಮರುದಿನ ಇದು ಶೇ. 86 ಇತ್ತು. ನಿದ್ರೆಯಲ್ಲಿಯೂ ಪರಿಮಳ ಹಿಪ್ಪೋಕ್ಯಾಂಪಸ್ಸಿಗೆ ಹೋಗಿ ಹಗಲಿನ ಪಾಠವನ್ನು ಮತ್ತೆ ಓದಿಸಿತ್ತು.

ಇನ್ನೊಂದು ಅಚ್ಚರಿಯ ಸಂಗತಿ ಇದೆ. ಮೂಗಿನ ವಾಸನೆ ಕೋಶಗಳು ಬಹುಕಾಲ ಬದುಕುವುದಿಲ್ಲ. ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ಹಳೆಯವು ಸತ್ತು ಹೊಸವು ಹುಟ್ಟುತ್ತಿರುತ್ತವೆ. ನಲವತ್ತು ವರ್ಷದ ಹಿಂದೆ ನಮ್ಮ ಕಾಫಿ ಮೂಸಿದ ಕೋಶಗಳಲ್ಲಿ ಹೆಚ್ಚಿನವು ಇಂದು ಇಲ್ಲ. ಆದರೂ ನೆನಪು ಉಳಿದಿದೆ. ಏಕೆಂದರೆ ಹೊಸ ಕೋಶದ ತಂತು ಘ್ರಾಣ ಗೆಡ್ಡೆಯಲ್ಲಿ ತನ್ನ ಬಗೆಯ ಹಳೆಯ ಜಾಗವನ್ನೇ ಹುಡುಕಿಕೊಂಡು ಹೋಗಿ ಸೇರುತ್ತದೆ, ನೆನಪು ಅದರಾಚೆಗೆ ಮಿದುಳಿನಲ್ಲಿದೆ. ಹೋಟೆಲಿನಲ್ಲಿ ಸಪ್ಲೈಯರ್‌ಗಳು ಬದಲಾದರೂ ಟೇಬಲ್ ನಂಬರ್ ಬದಲಾಗದ ಹಾಗೆ.

ಮೊದಲ ಪರಿಚಯಕ್ಕೆ ಮೊದಲ ಮಣೆ

ಹೊಸ ಪರಿಮಳವೊಂದು ಮೊದಲ ಸಲ ಯಾವುದರ ಜೊತೆ ಬಂತೋ ಆ ನಂಟು ವಿಶೇಷವಾಗಿ ಅಚ್ಚೊತ್ತುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ನೋಮ್ ಸೊಬೆಲ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಮಿದುಳಿನ ಸ್ಕ್ಯಾನ್ ಮೂಲಕ ತೋರಿಸಿದರು. ಒಂದು ವಸ್ತುವಿಗೆ ಮೊದಲು ಒಂದು ವಾಸನೆ, ಆಮೇಲೆ ಮತ್ತೊಂದು ವಾಸನೆ ಜೋಡಿಸಿ, ವಾರದ ನಂತರ ನೋಡಿದಾಗ ಮೊದಲ ಜೋಡಿಗೆ ಹಿಪ್ಪೋಕ್ಯಾಂಪಸ್ ಬೇರೆಯೇ ರೀತಿ ಸ್ಪಂದಿಸಿತು. ವಾಸನೆಯ ಬದಲು ಶಬ್ದ ಜೋಡಿಸಿದಾಗ ಹೀಗಾಗಲಿಲ್ಲ.

ಈ ಮೊದಲ ಪರಿಚಯಗಳಲ್ಲಿ ಬಹುಪಾಲು ಆಗುವುದು ಬಾಲ್ಯದಲ್ಲಿ. ಸ್ವೀಡನ್ನಿನಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 65ರಿಂದ 80 ವಯಸ್ಸಿನವರಿಗೆ ಪದ, ಚಿತ್ರ, ವಾಸನೆ ಕೊಟ್ಟು ನೆನಪಾದುದನ್ನು ಹೇಳಲು ಕೇಳಿದರು. ಪದ, ಚಿತ್ರಗಳು ಹೆಚ್ಚಾಗಿ ಹರೆಯದ ದಿನಗಳನ್ನು ನೆನಪಿಸಿದವು. ವಾಸನೆ ಮಾತ್ರ ಹತ್ತು ವರ್ಷದೊಳಗಿನ ಬಾಲ್ಯಕ್ಕೆ ಕರೆದೊಯ್ದಿತು.

ಅಷ್ಟೇ ಅಲ್ಲ, ಇದು ತಾಯಿಯ ಗರ್ಭದಲ್ಲಿಯೇ ಆರಂಭವಾಗುತ್ತದೆ. ಫ್ರಾನ್ಸಿನ ಅಲ್ಸಾಸ್ ಪ್ರಾಂತದಲ್ಲಿ ನಮ್ಮ ಸೋಂಪನ್ನು ಹೋಲುವ ಆನಿಸ್ ಬೀಜದ ತಿಂಡಿ ತಿನ್ನುವ ವಾಡಿಕೆ ಇದೆ. ಗರ್ಭಿಣಿಯಾಗಿದ್ದಾಗ ಅದನ್ನು ತಿಂದ ತಾಯಂದಿರ ಶಿಶುಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಆ ಪರಿಮಳದತ್ತ ಒಲವು ತೋರಿಸಿದವು. ತಿನ್ನದ ತಾಯಂದಿರ ಶಿಶುಗಳು ಮುಖ ಸಿಂಡರಿಸಿದವು, ಇಲ್ಲವೇ ಸುಮ್ಮನಿದ್ದವು. ಇದು 2000ದಲ್ಲಿ ಪ್ರಕಟವಾದ ಸಂಗತಿ. ಬಸುರಿಯ ಬಯಕೆ ತೀರಿಸಬೇಕು ಎನ್ನುವ ನಮ್ಮ ಹಿರಿಯರಿಗೆ ಈ ಸುದ್ದಿ ಹೊಸದೆನಿಸದು.

ಒಮ್ಮೆ ನಿಂತ ಪರಿಮಳದ ನೆನಪು ಬೇಗ ಅಳಿಯುವುದೂ ಇಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಟ್ರಿಗ್ ಎಂಗೆನ್ 1973ರಲ್ಲಿ ತೋರಿಸಿದ ಪ್ರಕಾರ, ಮೂಸಿದ ವಾಸನೆಗಳನ್ನು ಗುರುತಿಸುವುದರಲ್ಲಿ ಜನರು ಮೊದಲ ದಿನವೇ ಸ್ವಲ್ಪ ತಪ್ಪುತ್ತಾರೆ, ಆದರೆ ವರ್ಷ ಕಳೆದರೂ ಆ ತಪ್ಪು ಹೆಚ್ಚೇನೂ ಬೆಳೆಯುವುದಿಲ್ಲ. ಕಣ್ಣಿನ ನೆನಪು ಆರಂಭದಲ್ಲಿ ಚೊಕ್ಕವಾಗಿದ್ದು ದಿನಗಳೆದಂತೆ ಮಾಸುತ್ತದೆ.

1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಹಳೆಯ ಸಂಸ್ಥೆಗಳನ್ನು ಈ ದೃಷ್ಟಿಯಿಂದ ನೋಡಬೇಕು. ಇಂಥ ಕಡೆ ಅಜ್ಜನ ಕೈ ಹಿಡಿದು ಬಂದ ಮಗುವಿಗೆ ಬಾಳೆ ಎಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಏಳುವ ಪರಿಮಳವೇ ಮೊದಲ ಪರಿಚಯ. ನಮ್ಮ ಹೋಟೆಲಿಗೆ ಬರುವ ಮಕ್ಕಳು ಅರ್ಧ ಪ್ಲೇಟು ತಿಂದು ಎದ್ದು ಹೋದರೂ ಮುಂದಿನ ಐವತ್ತು ವರ್ಷದ ಗಿರಾಕಿಗಳು ಎಂಬುದನ್ನು ಮರೆಯಬಾರದು.

ರುಚಿ ಎನ್ನುವುದರಲ್ಲಿ ಮೂಗಿನ ಪಾಲು

ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಉಮಾಮಿ ಎಂಬ ಐದು ಮೂಲ ರುಚಿ. ಮೆಣಸಿನ ಖಾರ ಒಂದು ಬಗೆಯ ಉರಿ. ಉಳಿದದ್ದೆಲ್ಲ, ಅಂದರೆ ಇದು ಬೂದುಗುಂಬಳದ ಹುಳಿ, ಇದು ನುಗ್ಗೆಕಾಯಿ ಸಾಂಬಾರು ಎಂಬ ವ್ಯತ್ಯಾಸ, ಹೆಚ್ಚಾಗಿ ಮೂಗಿನದು. ಅಗಿಯುವಾಗ ಪರಿಮಳ ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತದೆ. ಮೂಗು ಬಿಗಿಹಿಡಿದು ಒಂದು ಚಮಚ ಸಾಂಬಾರು ಕುಡಿದು, ನುಂಗಿದ ಮೇಲೆ ಬಿಟ್ಟು ನೋಡಿ. ಬಿಟ್ಟ ಕ್ಷಣ ಬರುವುದೇ ಗಿರಾಕಿಗಳು ಹುಡುಕಿಕೊಂಡು ಬರುವ "ರುಚಿ".

2020ರ ನಂತರ ಕೋವಿಡ್ ಕಾಯಿಲೆ ಇದನ್ನು ಲಕ್ಷಾಂತರ ಜನರಿಗೆ ಕಲಿಸಿತು. ವಾಸನೆ ಹೋದವರು "ರುಚಿಯೇ ಇಲ್ಲ" ಎಂದರು. ನಮ್ಮ ಅಡುಗೆ ಭಟ್ಟರಲ್ಲಿಯೂ ಇದನ್ನು ಅನುಭವಿಸಿದವರಿದ್ದಾರೆ. ವಾಸನೆ ಹಿಂದಿರುಗಲು ವೈದ್ಯರು ಸೂಚಿಸುವ ಒಂದು ಅಭ್ಯಾಸವನ್ನು ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹಮೆಲ್ 2009ರಲ್ಲೇ ಪ್ರಕಟಿಸಿದ್ದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ ಈ ನಾಲ್ಕನ್ನು ದಿನಕ್ಕೆ ಎರಡು ಹೊತ್ತು, ಹನ್ನೆರಡು ವಾರ, ಗಮನವಿಟ್ಟು ಮೂಸುವುದು. ಎಲ್ಲರಿಗೂ ಅಲ್ಲದಿದ್ದರೂ ಹಲವರಿಗೆ ಇದರಿಂದ ಪ್ರಯೋಜನವಾಗಿದೆ.

ಕೆಟ್ಟ ನೆನಪಿಗೆ ಒಂದೇ ಸಲ ಸಾಕು

ಒಳ್ಳೆಯ ಪರಿಮಳದ ನೆನಪು ವರ್ಷಗಟ್ಟಲೆ ಕೂಡುತ್ತಾ ಬರುತ್ತದೆ. ಕೆಟ್ಟದ್ದು ಹಾಗಲ್ಲ. ಅಮೆರಿಕದ ಜಾನ್ ಗಾರ್ಸಿಯಾ 1955ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಸಿಹಿ ನೀರು ಕೊಡುತ್ತಾ ವಿಕಿರಣದಿಂದ ಹೊಟ್ಟೆ ತೊಳಸುವಂತೆ ಮಾಡಲಾಯಿತು. ಆಮೇಲೆ ಅವು ಸಿಹಿ ನೀರನ್ನೇ ದೂರವಿಟ್ಟವು. ತಿಂದು ಗಂಟೆಗಳ ನಂತರ ಹೊಟ್ಟೆ ಕೆಟ್ಟರೂ ಮಿದುಳು ಆ ತಿಂಡಿಯನ್ನೇ ದೂರುತ್ತದೆ ಎಂಬುದು ಮುಂದಿನ ಪ್ರಯೋಗಗಳಿಂದ ತಿಳಿಯಿತು. ನಿಜವಾದ ಕಾರಣ ಬೇರೆ ಇದ್ದರೂ ಅಷ್ಟೆ. ಹಳಸಿದ ಚಟ್ನಿ, ಕಮಟು ಎಣ್ಣೆಯ ವಾಸನೆ ಒಂದು ದಿನ ಮೂಗಿಗೆ ಬಡಿದು ಅಂದೇ ರಾತ್ರಿ ಹೊಟ್ಟೆ ಕೆಟ್ಟರೆ ಆ ಗಿರಾಕಿಗೆ ನಮ್ಮ ಬೋರ್ಡು ಕಂಡರೂ ಅದೇ ನೆನಪು ಬರಬಹುದು. ಅವರು ದೂರು ಕೊಡುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ.

ನಮ್ಮ ಮೂಗಿನ ಮಿತಿ

ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಮೂಗು, ಮಿದುಳು ಎರಡೂ ಅದಕ್ಕೆ ಒಗ್ಗಿಹೋಗುತ್ತವೆ. ಹೊಸದಾಗಿ ಬರುವ ವಾಸನೆಗೆ ಜಾಗ ಬಿಡಲು ಪ್ರಕೃತಿ ಮಾಡಿದ ಏರ್ಪಾಡು ಇದು. ಆದ್ದರಿಂದ ಬೆಳಗಿನಿಂದ ಒಳಗಿರುವ ಮಾಲಿಕರಿಗೆ, ಭಟ್ಟರಿಗೆ ಮೋರಿಯ ವಾಸನೆಯಾಗಲಿ, ಕರಿದ ಎಣ್ಣೆಯ ಕಮಟಾಗಲಿ ತಿಳಿಯುವುದಿಲ್ಲ. ಹೊರಗಿನಿಂದ ಒಳಗೆ ಕಾಲಿಡುವವನಿಗೆ ಮೊದಲ ಉಸಿರಿನಲ್ಲೇ ತಿಳಿಯುತ್ತದೆ. ವಯಸ್ಸು ಅರವತ್ತು ದಾಟಿದ ಮೇಲೆ ವಾಸನೆಯ ಶಕ್ತಿ ಹಲವರಲ್ಲಿ ಕುಗ್ಗುತ್ತದೆ. ಬಹಳಷ್ಟು ಜನರಿಗೆ ಅದು ಅರಿವಿಗೇ ಬರುವುದಿಲ್ಲ. ಶೀತವಿಲ್ಲದೆ ವಾಸನೆ ತೀರ ಕಡಿಮೆಯಾದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಕೆಲವು ನರರೋಗಗಳ ಮುನ್ಸೂಚನೆಯೂ ಅದಾಗಿರಬಹುದು.

ಉದ್ಯಮಕ್ಕೆ ಇದರಿಂದ ಪಾಠ

ಮೇಲಿನ ವಿಷಯಗಳನ್ನು ಗಮನಿಸಿ ಸದಸ್ಯ ಬಾಂಧವರಲ್ಲಿ ಕೆಲವು ಸಲಹೆಗಳನ್ನು ಇಡುತ್ತಿದ್ದೇವೆ.

ಒಂದು, ಮಸಾಲೆಯ ಅಳತೆ ಬರೆದಿಡಿ. ನಮ್ಮಲ್ಲಿ ಎಷ್ಟೋ ಹೋಟೆಲುಗಳ ಪರಿಮಳ ಒಬ್ಬ ಹಿರಿಯ ಭಟ್ಟರ ಕೈಯಲ್ಲಿದೆ. ಅವರು ಊರಿಗೆ ಹೋಗಿ ಕುಳಿತ ದಿನ ಅದೂ ಹೋಗುತ್ತದೆ. ಕೊತ್ತಂಬರಿ ಎಷ್ಟು, ಮೆಣಸು ಯಾವ ಊರಿನದು, ಎಷ್ಟು ಹೊತ್ತು ಹುರಿಯುವುದು, ಯಾವ ಬಣ್ಣಕ್ಕೆ ಇಳಿಸುವುದು ಎಂಬುದನ್ನು ಅವರನ್ನು ಗೌರವದಿಂದ ಕೂರಿಸಿ, ತೂಕ ಮಾಡಿ ಬರೆದುಕೊಳ್ಳಬೇಕು. ಅವರ ಜೊತೆ ಒಬ್ಬ ಹುಡುಗನನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕು. ಬರೆದದ್ದು ಅಳತೆ ಕೊಡುತ್ತದೆ, ಪರಿಮಳ ಗುರುತಿಸುವುದನ್ನು ಮೂಗೇ ಕಲಿಯಬೇಕು.

ಎರಡು, ಸಾಮಾನು ಬದಲಿಸುವಾಗ ಎಚ್ಚರ. ಅಂಗಡಿಯ ಇಂಗಿನಲ್ಲಿ ಹಿಟ್ಟು, ಗೋಂದು ಬೆರೆತಿರುತ್ತದೆ, ಆ ಪ್ರಮಾಣ ಬ್ರಾಂಡಿನಿಂದ ಬ್ರಾಂಡಿಗೆ ಬೇರೆ. ಕಾಫಿಯಲ್ಲಿ ಚಿಕೋರಿಯ ಪ್ರಮಾಣ ಬದಲಾದರೆ ಹಳೆಯ ಗಿರಾಕಿಗೆ ಮೊದಲ ಗುಟುಕಿಗೇ ತಿಳಿಯುತ್ತದೆ. ಕಿಲೋ ಮೇಲೆ ಹತ್ತಿಪ್ಪತ್ತು ರೂಪಾಯಿ ಉಳಿಯುವುದಕ್ಕೆ ಬದಲಿಸುವ ಮೊದಲು ಹಳೆಯದು, ಹೊಸದು ಎರಡನ್ನೂ ಮಾಡಿ, ಯಾವುದು ಯಾವುದೆಂದು ಹೇಳದೆ ನಾಲ್ಕು ಮಂದಿ ಹಳಬರಿಗೆ ಕೊಟ್ಟು ನೋಡಿ.

ಮೂರು, ಹುರಿದು ಪುಡಿ ಮಾಡಿದ ಮೇಲೆ ಪರಿಮಳ ಹಾರಲು ಆರಂಭಿಸುತ್ತದೆ. ಒಮ್ಮೆಗೇ ತಿಂಗಳ ಪುಡಿ ಮಾಡಿಡುವ ಬದಲು ವಾರಕ್ಕೆ ಬೇಕಾದಷ್ಟು ಮಾಡಿ, ಗಾಳಿ ತಾಗದ ಡಬ್ಬಿಯಲ್ಲಿಡಿ. ಸೆಂಟ್ರಲ್ ಕಿಚನ್ ಇರುವವರು ಸಾಂಬಾರು ಅಲ್ಲಿಂದ ತಂದರೂ ಒಗ್ಗರಣೆಯನ್ನು ಆಯಾ ಬ್ರಾಂಚಿನಲ್ಲೇ ಹಾಕಿದರೆ ಒಳ್ಳೆಯದು.

ನಾಲ್ಕು, ಊಟದ ಹಾಲಿನಲ್ಲಿ ಬೇರೆ ವಾಸನೆ ಬೇಡ. ಗಿರಾಕಿ ಕುಳಿತಿರುವಾಗ ಫಿನಾಯಿಲ್ ಹಾಕಿ ನೆಲ ಒರೆಸುವುದು, ಗಲ್ಲಾದಲ್ಲಿ ಘಾಟು ಊದುಬತ್ತಿ, ಕೃತಕ ಸ್ಪ್ರೇ ಇವೆಲ್ಲ ನಮ್ಮ ತುಪ್ಪದ ಪರಿಮಳಕ್ಕೆ ನಾವೇ ಹಾಕುವ ಅಡ್ಡಗಾಲು. ಪೂಜೆ, ಸ್ವಚ್ಛತೆ ಎರಡೂ ಬಾಗಿಲು ತೆರೆಯುವ ಮೊದಲು ಮುಗಿಯಲಿ.

ಐದು, ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ ಶೇ. 25 ಮೀರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಕಾನೂನಿಗಾಗಿ ಮಾತ್ರವಲ್ಲ, ಗಿರಾಕಿಯ ನೆನಪಿಗಾಗಿಯೂ ಇದನ್ನು ಪಾಲಿಸಬೇಕು.

ಆರು, ಪ್ರತಿದಿನ ಹೊರಗಿನಿಂದ ಬಂದ ಒಬ್ಬರ ಮೂಗಿನ ಸಲಹೆ ಪಡೆಯಿರಿ. ಮನೆಯಿಂದ ಬಂದ ಮಗಳೋ, ಎರಡನೇ ಪಾಳಿಗೆ ಬರುವ ಸಪ್ಲೈಯರೋ ಒಳಗೆ ಬಂದ ಕೂಡಲೇ ಏನು ವಾಸನೆ ಬಂತೆಂದು ಕೇಳಿ. ಸಾಂಬಾರು ನೋಡುವ ಕೆಲಸ ಹಿರಿಯರ ಜೊತೆ ಒಬ್ಬ ಕಿರಿಯರಿಗೂ ಇರಲಿ.

ಹೊಸ ತಲೆಮಾರು ಹೋಟೆಲನ್ನು ನವೀಕರಿಸಲು ಬಯಸುವುದು ಸಹಜ, ಕಾಲಕ್ಕೆ ತಕ್ಕಂತೆ ಅದು ಆಗಬೇಕು ಕೂಡ. ಕುರ್ಚಿ, ಮೇಜು, ಎಸಿ, ಮೆನು ಕಾರ್ಡು ಬದಲಾದರೆ ಗಿರಾಕಿಯ ಕಣ್ಣು ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತದೆ. ಪರಿಮಳ ಬದಲಾದರೆ ಹಾಗೆ ಹೊಂದಿಕೊಳ್ಳುವುದು ಕಷ್ಟ. ಅದಕ್ಕೆ ಅಂಟಿಕೊಂಡಿರುವುದು ಅವರ ಅಪ್ಪ, ಅಮ್ಮ, ಮೊದಲ ಸಂಬಳದ ದಿನ, ಬಿಟ್ಟು ಬಂದ ಊರು. ಹಾಗಾಗಿ ಯಾವುದನ್ನು ಬದಲಿಸಿದರೂ ಒಗ್ಗರಣೆಯನ್ನು ಕೊನೆಗೆ ಮುಟ್ಟಿ, ಮುಟ್ಟುವ ಮೊದಲು ಎರಡು ಸಲ ಯೋಚಿಸಿ ಎಂಬುದು ನಮ್ಮ ವಿನಂತಿ.